ಹಳೆ ವಿದ್ಯಾರ್ಥಿಗಳ ಸಂಘದ ವೆಬ್‌ಸೈಟ್: ಯಾವ ಪ್ಲಗಿನ್ ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಹೊಳೆದಂಡೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ, ಓದಿದ್ದು ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ. ನಮ್ಮ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಹೋದ ತಿಂಗಳಿಂದ ಸಂಘದ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ವಿಳಾಸದ ಕೆಳಗೆ ಜಪಾನಿ ಅಕ್ಷರದ ಸಾಲುಗಳೂ ಜೂಜಿನ ಜಾಹೀರಾತುಗಳೂ ಬರುತ್ತಿವೆ. ನಮಗೆ ಗಣಿತ ಕಲಿಸಿದ ಮೇಷ್ಟ್ರು ಫೋನ್ ಮಾಡಿ, "ಏನವ್ವಾ ಇದು, ಶಾಲೆ ಹೆಸರಿನಲ್ಲಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಒಳಗೆ ಹೋಗಿ ನೋಡಿದೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಇದೆ, ಅದಕ್ಕೆ ಹೊರಗಿನಿಂದ ಸೇರಿಸಿದ 34 ಪ್ಲಗಿನ್ ಇವೆ. ಚಿತ್ರಗಳು ಸರಿದು ಹೋಗುವ ಸ್ಲೈಡರ್‌ಗೇ ಮೂರು, ಬ್ಯಾಕಪ್‌ಗೆ ಎರಡು, ಹನ್ನೊಂದು ನಿಷ್ಕ್ರಿಯವಾಗಿ ಸುಮ್ಮನೆ ಬಿದ್ದಿವೆ. ಕಟ್ಟಿಕೊಟ್ಟ ಹುಡುಗರು ಒಳ್ಳೆಯವರೇ, ಒಂದು ರೂಪಾಯಿ ತೆಗೆದುಕೊಳ್ಳದೆ ಮಾಡಿಕೊಟ್ಟಿದ್ದರು. ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ಸೈಟನ್ನು ಯಾರೂ ನೋಡಲಿಲ್ಲ. ಕಾರ್ಯದರ್ಶಿಯಾದ ನಾನೂ ನೋಡಲಿಲ್ಲ.

ಈಗ ಹೊಸದಾಗಿ ಕಟ್ಟಬೇಕು. ಸದಸ್ಯತ್ವದ ಅರ್ಜಿ, ವಂತಿಗೆ, ಅದಕ್ಕೊಂದು ಕನ್ನಡದ ರಸೀದಿ, ಬ್ಯಾಚ್‌ವಾರು ಫೋಟೋಗಳು, ಹಳೆಯ ಸ್ಮರಣ ಸಂಚಿಕೆಯ ಲೇಖನಗಳು ಬೇಕು. ಸದಸ್ಯರು ಹೆಸರು ಹುಡುಕಿದರೆ ಸಿಗಬೇಕು. ಹೊರದೇಶದಲ್ಲಿರುವವರ ಮಕ್ಕಳಿಗಾಗಿ ಇಂಗ್ಲಿಷ್ ಪುಟವೂ ಬೇಕು ಅಂತ ಸಮಿತಿಯಲ್ಲಿ ಹೇಳಿದ್ದಾರೆ. "ಇರಲೇಬೇಕಾದ 25 ಪ್ಲಗಿನ್" ಅನ್ನುವಂಥ ಪಟ್ಟಿಗಳನ್ನು ವಾರವಿಡೀ ಓದಿದೆ. ಒಂದೊಂದರಲ್ಲಿ ಒಂದೊಂದು ಹೆಸರು. ಆರಿಸುವುದು ಹೇಗೆ, ದಯವಿಟ್ಟು ತಿಳಿದವರು ಹೇಳಿ. ವರ್ಡ್‌ಪ್ರೆಸ್ಸೇ ಬೇಡ, ಅಂಥದ್ದೇ ಇನ್ನೊಂದಾದ ಜೂಮ್ಲಾಕ್ಕೆ ಹೋಗಿ ಅನ್ನುವವರಿದ್ದರೆ ಅದನ್ನೂ ಹೇಳಿ.

ಸರ್ವರ್ ಕಾವಲು · ಸೋಮವಾರ ರಾತ್ರಿ

ಮೇಡಂ, ನಾನು ಚನ್ನಗಿರಿ ಕಡೆಯವನು. ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಹೊಸ ಪ್ಲಗಿನ್ ಆರಿಸುವ ಮೊದಲು ಒಂದು ಮಾತು. ಆ ಹನ್ನೊಂದು ನಿಷ್ಕ್ರಿಯ ಪ್ಲಗಿನ್‌ಗಳನ್ನು ಇವತ್ತೇ ಅಳಿಸಿಬಿಡಿ. ನಿಷ್ಕ್ರಿಯ ಮಾಡಿದ್ದೇವೆ, ಇನ್ನೇನು ತೊಂದರೆ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ನಿಷ್ಕ್ರಿಯ ಮಾಡಿದರೆ ವರ್ಡ್‌ಪ್ರೆಸ್ ಅದನ್ನು ಕರೆಯುವುದಿಲ್ಲ, ಅಷ್ಟೇ. ಕಡತಗಳು ಸರ್ವರ್‌ನಲ್ಲೇ ಇರುತ್ತವೆ, ವಿಳಾಸ ಗೊತ್ತಿದ್ದವರು ನೇರವಾಗಿ ಕರೆಯಬಹುದು.

2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಆದದ್ದು ಇದೇ ಬಗೆಯದು. ಅದರೊಳಗೆ ಎಲ್‌ಫೈಂಡರ್ ಎಂಬ ಬೇರೊಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು, ಇತ್ತು. ಆ ಲೈಬ್ರರಿಯಲ್ಲಿ ಮಾದರಿಗೆಂದು ಕೊಟ್ಟಿದ್ದ ಒಂದು ಕಡತವನ್ನು ನೇರವಾಗಿ ಓಡಿಸಬಹುದಾದ ಹೆಸರಿನಲ್ಲಿ ಬಿಟ್ಟಿದ್ದರು. ಲಾಗಿನ್ ಇಲ್ಲದೆ ಯಾರು ಬೇಕಾದರೂ ಅದರ ಮೂಲಕ ತಮ್ಮ ಕಡತವನ್ನು ಸೈಟಿನೊಳಗೆ ಹಾಕಬಹುದಿತ್ತು. ಆಗ ಆ ಪ್ಲಗಿನ್ 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿತ್ತು. ಹಾಗಾಗಿ "ಲಕ್ಷಾಂತರ ಜನ ಬಳಸುತ್ತಾರೆ" ಅನ್ನುವುದೊಂದನ್ನೇ ನಂಬಿ ಆರಿಸಬೇಡಿ.

ಇನ್ನು ಹಾಳಾದ ಸೈಟನ್ನು ತೊಳೆದು ಬಳಸುವ ಆಸೆ ಬಿಡಿ. ಬರಹ, ಚಿತ್ರ ಮಾತ್ರ ಹೊರತೆಗೆದುಕೊಳ್ಳಿ, ಚಿತ್ರಗಳ ಫೋಲ್ಡರ್‌ನಲ್ಲಿ ಪಿಎಚ್‌ಪಿ ಕಡತ, ಅಂದರೆ ಸರ್ವರ್ ಓಡಿಸುವ ಕೋಡ್, ಒಂದೇ ಒಂದು ಇದ್ದರೂ ಅದನ್ನು ಅನುಮಾನಿಸಿ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದಾರಾ ನೋಡಿ. ಹೋಸ್ಟಿಂಗ್, ಡೇಟಾಬೇಸ್, ಇಮೇಲ್, ಎಲ್ಲದರ ಪಾಸ್‌ವರ್ಡ್ ಬದಲಿಸಿ. ಆರಿಸುವ ವಿಷಯ ನಾಳೆ ಬರೆಯುತ್ತೇನೆ, ಈಗ ಪಾಳಿ ಶುರುವಾಗುತ್ತಿದೆ.

ಆರನೇ ಸೆಮಿಸ್ಟರ್ · ಸೋಮವಾರ ರಾತ್ರಿ

ಅಕ್ಕಾ, ನಾನು ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ನಮ್ಮ ಏರಿಯಾದ ಎರಡು ಅಂಗಡಿಗೆ ಸೈಟ್ ಮಾಡಿಕೊಟ್ಟಿದೀನಿ. ದುಡ್ಡಿನ ಥೀಮು (ಸೈಟಿನ ರೂಪ), ಪುಟ ಜೋಡಿಸೋ ಪೇಜ್ ಬಿಲ್ಡರು ಎಲ್ಲಾ ಟೆಲಿಗ್ರಾಂ ಗುಂಪುಗಳಲ್ಲಿ ಜಿಪ್ ಕಡತವಾಗಿ ಸಿಗ್ತಾವೆ. ಲೈಸೆನ್ಸ್ ಕೀ ಬೇಕಾಗಲ್ಲ. ಸಂಘಕ್ಕೆ ಖರ್ಚು ಉಳೀತದೆ. ಬೇಕಿದ್ರೆ ನಾನೇ ಒಂದು ಭಾನುವಾರ ಕೂತು ಹಾಕಿಕೊಡ್ತೀನಿ.

ಸರ್ವರ್ ಕಾವಲು · ಮಂಗಳವಾರ ಬೆಳಗ್ಗೆ

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು. ಆದರೆ ಆ ಜಿಪ್ ಕಡತ ಬೇಡ, ಅಂಗಡಿಗಳ ಸೈಟಿನಲ್ಲಿ ಹಾಕಿದ್ದರೆ ಅಲ್ಲಿಂದಲೂ ತೆಗಿ. ಬೀಗ ಮುರಿದು ಹಂಚುವವರು ಪುಕ್ಕಟೆ ಯಾಕೆ ಹಂಚುತ್ತಾರೆ ಅಂತ ಯೋಚನೆ ಮಾಡು. ಡಬ್ಲ್ಯುಪಿ-ವಿಸಿಡಿ ಎಂಬ ದುಷ್ಟ ಕೋಡ್ ವರ್ಷಗಟ್ಟಲೆ ಹರಡಿದ್ದೇ ಇಂಥ ಥೀಮು, ಪ್ಲಗಿನ್ ಪ್ರತಿಗಳ ಮೂಲಕ. ಹಾಕಿದವನೇ ಕೈಯಾರೆ ಬಾಗಿಲು ತೆರೆದುಕೊಟ್ಟ ಹಾಗೆ. ಒಂದು ಸೈಟಿಗೆ ಬಂದರೆ ಅದೇ ಹೋಸ್ಟಿಂಗ್ ಖಾತೆಯಲ್ಲಿರುವ ಉಳಿದ ಸೈಟುಗಳಿಗೂ ದಾಟುತ್ತಿತ್ತು. ಇನ್ನೊಂದು ವಿಷಯ, ಲೈಸೆನ್ಸ್ ಇಲ್ಲದ ಪ್ರತಿಗೆ ಅಪ್‌ಡೇಟ್ ಬರುವುದಿಲ್ಲ. ಇವತ್ತು ಶುದ್ಧವಾಗಿದ್ದರೂ ಮುಂದಿನ ವರ್ಷ ಅದೇ ತೂತು.

ಈಗ ಆರಿಸುವ ವಿಷಯ. ವರ್ಡ್‌ಪ್ರೆಸ್‌ನ ಅಧಿಕೃತ ಕಣಜದಲ್ಲಿ ಪ್ರತಿ ಪ್ಲಗಿನ್‌ಗೂ ಒಂದು ಪುಟ ಇರುತ್ತದೆ. ನಕ್ಷತ್ರ ನೋಡಿ ಮೋಸಹೋಗಬೇಡಿ. ನಾನು ಮೊದಲು ನೋಡುವುದು ಕೊನೆಯ ಅಪ್‌ಡೇಟ್ ಯಾವಾಗ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿವರೆಗೆ ಪರೀಕ್ಷಿಸಿದ್ದಾರೆ ಅನ್ನುವುದನ್ನು. ಇತ್ತೀಚಿನ ಮೂರು ದೊಡ್ಡ ಆವೃತ್ತಿಗಳಲ್ಲಿ ಪರೀಕ್ಷಿಸಿಲ್ಲ ಎಂಬ ಹಳದಿ ಪಟ್ಟಿ ಮೇಲ್ಗಡೆ ಇದ್ದರೆ ಅಲ್ಲಿಗೇ ಬಿಡುತ್ತೇನೆ. ಆಮೇಲೆ ಬೆಂಬಲದ ವಿಭಾಗ. ಕಳೆದ ಎರಡು ತಿಂಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ಬಗೆಹರಿದಿವೆ ಅಂತ ಅಲ್ಲೇ ಲೆಕ್ಕ ಇರುತ್ತದೆ. ಆ ಪ್ರಶ್ನೆಗಳನ್ನೂ ಹತ್ತು ನಿಮಿಷ ಓದಿ. ಸಿಟ್ಟಿನಿಂದ ಬಂದವರಿಗೆ ಲೇಖಕರು ಹೇಗೆ ಉತ್ತರಿಸುತ್ತಾರೆ ಅನ್ನುವುದರಲ್ಲಿ ಆ ಪ್ಲಗಿನ್‌ನ ಮುಂದಿನ ಮೂರು ವರ್ಷ ಕಾಣುತ್ತದೆ. ಬದಲಾವಣೆಗಳ ಪಟ್ಟಿಯಲ್ಲಿ "ಭದ್ರತಾ ದೋಷ ಸರಿಪಡಿಸಿದೆ" ಅಂತ ಬರೆದಿದ್ದರೆ ಹೆದರಬೇಡಿ, ದೋಷ ಬಂದಾಗ ಮುಚ್ಚಿಡದೆ ಸರಿಮಾಡುವವರು ಅವರು.

ಕೊನೆಯದಾಗಿ, ಅದು ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ. ಹಳೆಯ ಪಟ್ಟಿಗಳಲ್ಲಿ ಹೇಳುವ ಅರ್ಧ ಕೆಲಸ ಈಗ ವರ್ಡ್‌ಪ್ರೆಸ್ಸೇ ಮಾಡುತ್ತದೆ. ಚಿತ್ರಗಳನ್ನು ಬೇಕಾದಾಗ ಮಾತ್ರ ಇಳಿಸುವುದು, ಗೂಗಲ್‌ಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್, ಈ ಎರಡೂ 2020ರ 5.5 ಆವೃತ್ತಿಯಲ್ಲೇ ಬಂದವು. ಕಡಿಮೆ ಗಾತ್ರದ ವೆಬ್‌ಪಿ ಚಿತ್ರ 5.8ರಲ್ಲಿ ಬಂತು. ಫೋಟೋ ಗ್ಯಾಲರಿ, ಕೋಷ್ಟಕ, ಯೂಟ್ಯೂಬ್ ವಿಡಿಯೋ ಸೇರಿಸುವುದು, ಎಲ್ಲ ವರ್ಡ್‌ಪ್ರೆಸ್‌ನ ಬ್ಲಾಕ್‌ಗಳಲ್ಲೇ (ಪುಟ ಕಟ್ಟುವ ತುಂಡುಗಳು) ಇದೆ. ಮೂರು ಸ್ಲೈಡರ್ ಅಂದಿರಲ್ಲ, ಒಂದೂ ಬೇಡ.

ಆರನೇ ಸೆಮಿಸ್ಟರ್ · ಮಂಗಳವಾರ

ಇದು ಗೊತ್ತಿರಲಿಲ್ಲ ಅಣ್ಣಾ. ಎರಡೂ ಅಂಗಡಿ ಸೈಟಲ್ಲಿ ಅದೇ ಥೀಮ್ ಐತೆ. ಇವತ್ತು ಸಂಜೆನೇ ಬಿಚ್ಚಿ ಬೇರೆ ಹಾಕ್ತೀನಿ, ಮಾಲೀಕರಿಗೂ ನಾನೇ ಹೋಗಿ ಹೇಳ್ತೀನಿ.

ಕೋಟೆ ಕೆಳಗಿನವ · ಮಂಗಳವಾರ ಸಂಜೆ

ನಾನು ಚಿತ್ರದುರ್ಗದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ನಮ್ಮ ಶಾಲೆಯ ಸೈಟು ಬಹಳ ಹಿಂದಿನಿಂದ ಜೂಮ್ಲಾದಲ್ಲಿದೆ. ಜೂಮ್ಲಾ ಬಗ್ಗೆ ಕೇಳಿದಿರಿ, ನಾನು ಬಿದ್ದು ಎದ್ದ ಜಾಗ ಅದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜೂಮ್ಲಾದಲ್ಲಿ ಎಕ್ಸ್‌ಟೆನ್ಷನ್ ಅಂದರೆ ಒಂದೇ ಬಗೆಯದಲ್ಲ. ಪುಟದ ಮುಖ್ಯ ಭಾಗವನ್ನೇ ನಡೆಸುವುದು ಕಾಂಪೊನೆಂಟ್, ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಕೂರುವುದು ಮಾಡ್ಯೂಲ್, ತೆರೆಮರೆಯಲ್ಲಿ ಕೆಲಸ ಮಾಡುವುದು ಪ್ಲಗಿನ್. ಟೆಂಪ್ಲೇಟು, ಭಾಷೆಯ ಪೊಟ್ಟಣಗಳು ಬೇರೆ. ಇದು ತಿಳಿದರೆ ಆರಿಸುವಾಗ ಅನುಕೂಲ. ಕಾಂಪೊನೆಂಟ್ ಹಾಕಿದರೆ ಸಾಮಾನ್ಯವಾಗಿ ನಿಮ್ಮ ಮಾಹಿತಿಯೇ ಅದರ ಕೋಷ್ಟಕಗಳಲ್ಲಿ ಹೋಗಿ ಕೂರುತ್ತದೆ, ಅದನ್ನು ಬಿಡುವುದು ಕಷ್ಟ. ಮಾಡ್ಯೂಲನ್ನು ನಾಳೆ ಕಿತ್ತು ಹಾಕಿದರೂ ಕಳೆದುಕೊಳ್ಳುವುದು ಕಡಿಮೆ. ನನ್ನ ಎಚ್ಚರಿಕೆಯೆಲ್ಲ ಕಾಂಪೊನೆಂಟ್ ಮೇಲೆ.

ನಾವು ತಪ್ಪಿದ್ದು ಅಲ್ಲೇ. ಪರೀಕ್ಷೆಯ ಫಲಿತಾಂಶ ಹಾಕಲು ಒಂದು ಚೆಂದದ ಕಾಂಪೊನೆಂಟ್ ತಂದೆವು. ಮೂರು ವರ್ಷದ ಅಂಕಪಟ್ಟಿ ಅದರಲ್ಲಿ ತುಂಬಿಸಿದೆವು. 2021ರ ಆಗಸ್ಟ್‌ನಲ್ಲಿ ಜೂಮ್ಲಾ 4 ಬಂತು, ಆ ಕಾಂಪೊನೆಂಟ್ ಮಾಡಿದವರು 4ಕ್ಕೆ ಬರಲೇ ಇಲ್ಲ. ಪತ್ರ ಬರೆದೆ, ಉತ್ತರವಿಲ್ಲ. 2023ರ ಆಗಸ್ಟ್ 17ಕ್ಕೆ ಜೂಮ್ಲಾ 3ರ ಬೆಂಬಲ ನಿಂತುಹೋಯಿತು. ಮೇಲಕ್ಕೆ ಹೋದರೆ ಮಕ್ಕಳ ಅಂಕಪಟ್ಟಿ ಕಾಣುವುದಿಲ್ಲ, ಕೆಳಗೇ ಇದ್ದರೆ ಭದ್ರತೆ ಇಲ್ಲ. ಕೊನೆಗೆ ದಸರಾ ರಜೆಯಲ್ಲಿ ನಾನೂ ಇನ್ನೊಬ್ಬ ಮೇಡಮ್ಮೂ ಕೂತು ಅಷ್ಟೂ ಅಂಕಗಳನ್ನು ಎಕ್ಸೆಲ್‌ಗೆ ಇಳಿಸಿ, ಜೂಮ್ಲಾದ್ದೇ ಕಸ್ಟಮ್ ಫೀಲ್ಡ್‌ಗಳಲ್ಲಿ, ಅಂದರೆ ನಾವೇ ಸೇರಿಸಿಕೊಳ್ಳುವ ಖಾನೆಗಳಲ್ಲಿ, ಮತ್ತೆ ತುಂಬಿದೆವು. ಆ ಸೌಲಭ್ಯ 2017ರ 3.7 ಆವೃತ್ತಿಯಿಂದ ಅದರಲ್ಲೇ ಇತ್ತು! ನೋಡದೆ ಹೊರಗಿನದನ್ನು ತಂದಿದ್ದೆವು.

ಅದಕ್ಕೇ ನನ್ನ ಮೊದಲ ಪ್ರಶ್ನೆ ಈಗ ಬೇರೆ. ಇದನ್ನು ಬಿಡುವ ದಿನ ಬಂದರೆ ನಮ್ಮ ಸಾಮಾನು ಹೊರಗೆ ತರುವುದು ಹೇಗೆ? ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಕಡತ) ರಫ್ತು ಇದೆಯಾ? ಹಾಕಿದ ದಿನವೇ ಹತ್ತು ದಾಖಲೆ ತುಂಬಿ, ಹೊರತೆಗೆದು, ಎಕ್ಸೆಲ್‌ನಲ್ಲಿ ತೆರೆದು, ಕನ್ನಡ ಅಕ್ಷರ ಸರಿಯಾಗಿ ಬಂದಿದೆಯಾ ಅಂತ ನೋಡಿ, ಆಮೇಲೆ ಉಳಿದದ್ದನ್ನು ತುಂಬಿಸಿ.

ಜೂಮ್ಲಾದ ಒಳ್ಳೆಯ ಗುಣವನ್ನೂ ಹೇಳಬೇಕು. ಎರಡು ಭಾಷೆಯ ಸೈಟಿಗೆ ಅದರಲ್ಲಿ ಬೇರೆ ಎಕ್ಸ್‌ಟೆನ್ಷನ್ ಬೇಡ. ಯಾರು ಏನು ತಿದ್ದಬಹುದು ಎಂಬ ಅನುಮತಿಗಳೂ ಒಳಗೇ ಇವೆ. ದೋಷ ಇರುವ ಎಕ್ಸ್‌ಟೆನ್ಷನ್‌ಗಳ ಬಹಿರಂಗ ಪಟ್ಟಿಯನ್ನು ಅವರೇ ಇಟ್ಟಿದ್ದಾರೆ, ಏನೇ ಹಾಕುವ ಮುನ್ನ ನಾನು ಅದನ್ನು ತೆರೆದು ನೋಡುತ್ತೇನೆ. ಆದರೆ ನಿಮ್ಮ ಊರಿನಲ್ಲಿ ನಿಮಗೆ ಕೈಜೋಡಿಸುವವರು ವರ್ಡ್‌ಪ್ರೆಸ್ ತಿಳಿದವರಾದರೆ ಅದನ್ನೇ ಇಟ್ಟುಕೊಳ್ಳಿ. ಹಾಳಾದ ದಿನ ಬಂದು ಕೂರುವವರು ಯಾರು ಅನ್ನುವುದು ದೊಡ್ಡದು.

ರಾಶಿ ಅಡಿಕೆ · ಮಂಗಳವಾರ ರಾತ್ರಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಖರೆ. ನಂದೂ ಒಂದು ಅನುಭವ ಐತ್ರಿ. ನಮ್ಮ ಅಡಿಕೆ ವ್ಯಾಪಾರದ ಸೈಟಲ್ಲಿ ದಿನದ ಧಾರಣೆ ಓಡೋ ಹಂಗೆ ಒಂದು ಪಟ್ಟಿ ಹಾಕಿಸಿದ್ದೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಎಲ್ಲಾ ಬರೋದು. ರೈತ್ರು ಬೆಳಗಾಗೆದ್ದು ಅದನ್ನೇ ನೋಡೋರು. ಆ ಪ್ಲಗಿನ್ ಧಾರಣೇನ ಬೇರೆ ಯಾರದೋ ಸರ್ವರಿಂದ ತರ್ತಿತ್ತು ಅನ್ನೋದು ನಂಗೆ ಗೊತ್ತಿರಲಿಲ್ಲ. ಅವರು ಡೊಮೈನ್ ನವೀಕರಿಸದೆ ಬಿಟ್ಟರು, ಅದನ್ನ ಇನ್ನಾರೋ ಕೊಂಡರು. ಒಂದಿನ ಧಾರಣೆ ಜಾಗದಲ್ಲಿ ನೋಡಬಾರದ ಜಾಹೀರಾತು ಬಂದು ಕುಂತಿತ್ತು. ನಂಬಿಕೆ ಮೇಲೆ ನಡೆಯೋ ವ್ಯಾಪಾರ ನಮ್ದು. ಅವತ್ತು ಎಷ್ಟು ಜನಕ್ಕೆ ಫೋನ್ ಮಾಡಿ ಸಮಾಧಾನ ಹೇಳಿದೀನೋ ಲೆಕ್ಕ ಇಲ್ಲ. ಈಗ ನಾವೇ ದಿನಾ ಬೆಳಗ್ಗೆ ಕೈಯಲ್ಲಿ ನಾಲ್ಕು ಅಂಕಿ ಬರೀತೀವಿ, ಎರಡು ನಿಮಿಷದ ಕೆಲಸ. ಅದಕ್ಕೆ ಪ್ಲಗಿನ್ನೇ ಬೇಕಿರಲಿಲ್ಲ.

ಅಚ್ಚುಮೊಳೆ · ಬುಧವಾರ

ಹೊಳೆದಂಡೆ ಅವರೇ, ಇಲ್ಲಿವರೆಗೆ ಎಲ್ಲರೂ ಭದ್ರತೆಯ ಬಗ್ಗೆ ಹೇಳಿದರು. ನಾನು ಮೂವತ್ತು ವರ್ಷ ಡಿಟಿಪಿ ಮಾಡಿದವನು, ಮಂಡಿಪೇಟೆ ಕಡೆ ಇದ್ದೇನೆ. ನಾನು ಕನ್ನಡದ ಬಗ್ಗೆ ಹೇಳಬೇಕು. ಇಂಗ್ಲಿಷ್ ಸೈಟಿನಲ್ಲಿ ಚೆನ್ನಾಗಿ ನಡೆಯುವ ಎಷ್ಟೋ ಪ್ಲಗಿನ್ ಕನ್ನಡದ ಮುಂದೆ ಮುಗ್ಗರಿಸುತ್ತವೆ. ಅದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ನಿಮ್ಮ ರಸೀದಿಯಿಂದ ಶುರು ಮಾಡೋಣ. ಪಿಡಿಎಫ್ ಮಾಡುವ ಪ್ಲಗಿನ್‌ಗಳ ಒಳಗೆ ಒಂದು ಪಿಡಿಎಫ್ ಲೈಬ್ರರಿ ಇರುತ್ತದೆ. ಅವುಗಳಲ್ಲಿ ಹಲವಕ್ಕೆ ಅಕ್ಷರ ಜೋಡಿಸುವುದು ಬರುವುದಿಲ್ಲ, ಒಂದರ ಪಕ್ಕ ಒಂದು ಇಡುತ್ತವೆ ಅಷ್ಟೇ. ಆಗ "ವಿದ್ಯಾರ್ಥಿ" ಎಂಬ ಪದದಲ್ಲಿ ಒತ್ತು ಕೆಳಗೆ ಇಳಿಯುವುದಿಲ್ಲ, ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದಿಲ್ಲ. ಸಂಘದ ಹೆಸರೇ ಒಡೆದ ರಸೀದಿಯನ್ನು ಹಿರಿಯರ ಕೈಗೆ ಕೊಡಬೇಕಾಗುತ್ತದೆ. ಎಂಪಿಡಿಎಫ್ ಎಂಬ ಲೈಬ್ರರಿ ಭಾರತೀಯ ಲಿಪಿಗಳ ಜೋಡಣೆ ಬಲ್ಲದು. ಪ್ಲಗಿನ್ ಯಾವುದನ್ನು ಬಳಸುತ್ತದೆ ಅಂತ ಬೆಂಬಲದಲ್ಲಿ ಕೇಳಿ. ಇಲ್ಲವೇ ಪಿಡಿಎಫ್ ಪ್ಲಗಿನ್ನೇ ಬಿಡಿ. ರಸೀದಿಯನ್ನು ಒಂದು ಸಾಮಾನ್ಯ ಪುಟವಾಗಿ ತೋರಿಸಿ, ಬ್ರೌಸರ್‌ನಿಂದಲೇ ಮುದ್ರಿಸಿ ಪಿಡಿಎಫ್ ಆಗಿ ಉಳಿಸಿಕೊಳ್ಳಲಿ. ಬ್ರೌಸರ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ.

ಎರಡನೆಯದು ಪುಟದ ವಿಳಾಸ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಅದು ಶೇಕಡ ಚಿಹ್ನೆಯ ಸಂಕೇತಗಳಾಗುತ್ತದೆ. ಕನ್ನಡದ ಒಂದು ವರ್ಣಕ್ಕೆ, ಗುಣಿತದ ಚಿಹ್ನೆಗೂ ಒತ್ತು ಕೂಡಿಸುವ ಅರ್ಧಾಕ್ಷರ ಚಿಹ್ನೆಗೂ ಸಹ, ಒಂಬತ್ತು ಸ್ಥಾನ ಬೇಕು. ಡೇಟಾಬೇಸ್‌ನಲ್ಲಿ ಇರುವುದು 200 ಸ್ಥಾನ. "ದಾವಣಗೆರೆ ಜಿಲ್ಲಾ ಗ್ರಂಥಾಲಯ" ಅಂತ ಬರೆದು ನೋಡಿ, 8, 6, 8, ಒಟ್ಟು 22 ವರ್ಣ. 198 ಆಯಿತು, ನಡುವಿನ ಎರಡು ಅಡ್ಡಗೆರೆ ಸೇರಿ 200. ಮೂರೇ ಪದಕ್ಕೆ ಭರ್ತಿ! ನಾಲ್ಕನೆಯ ಪದ ಇದ್ದರೆ ಕತ್ತರಿಸಿ ಹೋಗುತ್ತದೆ. ಅದೇ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಮೊಳದುದ್ದದ ಸಂಕೇತ ಕಾಣಿಸಿ ಜನ ಒತ್ತಲು ಹೆದರುತ್ತಾರೆ. ಇದಕ್ಕೆ ಲಿಪ್ಯಂತರ ಮಾಡುವ ಪ್ಲಗಿನ್‌ಗಳೇನೋ ಇವೆ. ನನ್ನ ಮಾತು ಕೇಳುವುದಾದರೆ ಅದೂ ಬೇಡ, ಪ್ರಕಟಿಸುವ ಮುನ್ನ ವಿಳಾಸದ ಜಾಗದಲ್ಲಿ ನೀವೇ ಎರಡು ಪದ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದುಬಿಡಿ.

ಮೂರನೆಯದು ಹುಡುಕಾಟ. "ರಾಜ್‌ಕುಮಾರ್" ಅಂತ ಬರೆಯುವಾಗ "ಜ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವುದು. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕದೆ "ರಾಜ್ಕುಮಾರ್" ಅಂತ ಬರೆಯುತ್ತಾರೆ. ನಮಗೆ ಎರಡೂ ಒಂದೇ ಹೆಸರು, ಹುಡುಕುವ ಪ್ಲಗಿನ್‌ಗೆ ಬೇರೆ ಬೇರೆ ಆಗಿಬಿಡಬಹುದು. ಸದಸ್ಯರ ಪಟ್ಟಿಗೆ ಯಾವ ಪ್ಲಗಿನ್ ಹಾಕಿದರೂ ಇಂಥ ಐದಾರು ಹೆಸರು ತುಂಬಿ ಹುಡುಕಿ ನೋಡಿ. ಪಕ್ಕದಲ್ಲಿ ಇಂಗ್ಲಿಷ್‌ನಲ್ಲೂ ಹೆಸರಿನ ಒಂದು ಕಾಲಂ ಇಟ್ಟರೆ ಇನ್ನೂ ಒಳ್ಳೆಯದು.

ಫಾಂಟ್‌ಗೆ ಪ್ಲಗಿನ್ ಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ 6.5 ಆವೃತ್ತಿಯಿಂದ, ಬ್ಲಾಕ್ ಥೀಮ್ ಇದ್ದರೆ, ಫಾಂಟ್‌ಗಳನ್ನು ಅಲ್ಲೇ ಸೇರಿಸಬಹುದು. ನೋಟೊ ಸೆರಿಫ್ ಕನ್ನಡ ಓದಲು ಹಿತ, ಶೀರ್ಷಿಕೆಗೆ ಬಾಲೂ ತಮ್ಮ ಅಥವಾ ಅನೇಕ್ ಕನ್ನಡ ಚೆನ್ನಾಗಿ ಕಾಣುತ್ತದೆ. ಎರಡಕ್ಕಿಂತ ಹೆಚ್ಚು ಬೇಡ, ಕನ್ನಡ ಫಾಂಟಿನ ಕಡತಗಳು ದೊಡ್ಡವು. ಹಳ್ಳಿಯಲ್ಲಿ ಸಿಗ್ನಲ್ ಕಡಿಮೆ ಇದ್ದಲ್ಲಿ ಪುಟ ತೆರೆಯುವುದೇ ತಡ.

ಸ್ಮರಣ ಸಂಚಿಕೆ ಯಾವುದರಲ್ಲಿ ಟೈಪ್ ಆಗಿದೆ?

ಹೊಳೆದಂಡೆ · ಬುಧವಾರ ರಾತ್ರಿ

ಸರ್, ಎಷ್ಟು ತಿಳಿಸಿಕೊಟ್ಟಿರಿ! ಎರಡು ಸಲ ಓದಿದೆ. ಸಂಚಿಕೆ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದೆ, ಪುಟ ವಿನ್ಯಾಸದ ಪೇಜ್‌ಮೇಕರ್ ಕಡತಗಳು. ಅದನ್ನು ಸೈಟಿಗೆ ಅಂಟಿಸಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ನುಡಿ ಫಾಂಟ್ ಸೈಟಿಗೆ ಹಾಕುವ ಪ್ಲಗಿನ್ ಸಿಗುತ್ತದಾ ಅಂತ ಹುಡುಕುತ್ತಿದ್ದೆ.

ಅಚ್ಚುಮೊಳೆ · ಗುರುವಾರ

ಆ ಕೆಲಸ ಮಾತ್ರ ಮಾಡಬೇಡಿ. ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ಕನ್ನಡವಲ್ಲ. ಗೂಗಲ್‌ಗೆ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಾಗುವುದಿಲ್ಲ. ದೃಷ್ಟಿ ಇಲ್ಲದ ಸಹಪಾಠಿ ಯಾರಾದರೂ ಇದ್ದರೆ ಅವರಿಗೆ ಆ ಲೇಖನ ಕೇಳಿಸಿಕೊಳ್ಳಲು ಆಗುವುದಿಲ್ಲ. ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಯೇ ಹಾಕಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ನುಡಿಯಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ತಪ್ಪುಗಳು ಹೆಚ್ಚಾಗಿ ಉಳಿಯುವುದು ಅಲ್ಲೇ. ಓದಿ ತಿದ್ದುವ ಒಬ್ಬರು ಬೇಕು, ಅದಕ್ಕೆ ಯಾವ ಪ್ಲಗಿನ್ನೂ ಇಲ್ಲ.

ಮಗ್ಗದ ಮನೆ · ಗುರುವಾರ

ನಮ್ಮದು ಮೊಳಕಾಲ್ಮೂರು, ರೇಷ್ಮೆ ಸೀರೆಯ ಮನೆ ವ್ಯಾಪಾರ. ಸೈಟು ನಾನೇ ನೋಡಿಕೊಳ್ಳುತ್ತೇನೆ. ಅಕ್ಕಾ, ವಂತಿಗೆಗೆ ಅಂತ ಆನ್‌ಲೈನ್ ಅಂಗಡಿಯ ಪ್ಲಗಿನ್ ವೂಕಾಮರ್ಸ್ ಹಾಕಬೇಡಿ. ನಮಗೆ ದಾಸ್ತಾನು ಲೆಕ್ಕ, ಕೊರಿಯರ್ ಎಲ್ಲಾ ಬೇಕು, ಅದಕ್ಕೆ ಸರಿ. ವರ್ಷಕ್ಕೊಂದು ಸಲ ಬರುವ ವಂತಿಗೆಗೆ ಅಷ್ಟು ದೊಡ್ಡ ಅಂಗಡಿ ಯಾಕೆ? ಸಂಘದ ಬ್ಯಾಂಕ್ ಖಾತೆಯ ಯುಪಿಐ ಕ್ಯೂಆರ್ ಚಿತ್ರ ಹಾಕಿ, ಕಳಿಸಿದವರು ವಹಿವಾಟಿನ ಸಂಖ್ಯೆಯನ್ನು ಫಾರಂನಲ್ಲಿ ತುಂಬಲಿ, ಖಜಾಂಚಿ ಪಾಸ್‌ಬುಕ್ ನೋಡಿ ಒಪ್ಪಿಕೊಳ್ಳಲಿ.

ಒಂದು ಭಯ ಮಾತ್ರ ಹೇಳಬೇಕು. ಒಳಗೆ ನುಗ್ಗಿದವರು ಆ ಕ್ಯೂಆರ್ ಚಿತ್ರವನ್ನೇ ಬದಲಿಸಿದರೆ ದುಡ್ಡು ಇನ್ನಾರದೋ ಖಾತೆಗೆ ಹೋಗುತ್ತದೆ, ವಾರಗಟ್ಟಲೆ ಗೊತ್ತೂ ಆಗುವುದಿಲ್ಲ. ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಬರಬೇಕು ಅಂತ ಸದಸ್ಯರಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹೇಳಿ. ವಾರಕ್ಕೊಮ್ಮೆ ನೀವೇ ಸ್ಕ್ಯಾನ್ ಮಾಡಿ ನೋಡಿ.

ಫಾರಂ ವಿಷಯದಲ್ಲಿ ನಾನು ಕಲಿತದ್ದೊಂದು. ಕಾಂಟ್ಯಾಕ್ಟ್ ಫಾರ್ಮ್ 7 ಹಗುರ, ಬಹಳ ಜನ ಬಳಸುತ್ತಾರೆ, ನಾನೂ ಬಳಸುತ್ತೇನೆ. ಆದರೆ ತುಂಬಿದ್ದನ್ನು ಅದು ಸೈಟಿನಲ್ಲಿ ಉಳಿಸಿಕೊಳ್ಳುವುದಿಲ್ಲ, ಇಮೇಲ್ ಮಾಡುತ್ತದೆ ಅಷ್ಟೇ. ಇಮೇಲ್ ಸ್ಪ್ಯಾಮ್‌ಗೆ ಹೋದರೆ ಅರ್ಜಿಯೇ ಇಲ್ಲ. ಒಂದು ಮದುವೆ ಮನೆಯವರ ಹದಿನಾಲ್ಕು ಸೀರೆಯ ವಿಚಾರಣೆ ನನಗೆ ಹೀಗೇ ತಪ್ಪಿತು, ಮದುವೆ ಮುಗಿದ ಮೇಲೆ ಕಣ್ಣಿಗೆ ಬಿತ್ತು. ಅದೇ ಲೇಖಕರ ಫ್ಲೆಮಿಂಗೊ ಎಂಬ ಜೊತೆ ಪ್ಲಗಿನ್ ಹಾಕಿದರೆ ಬಂದದ್ದೆಲ್ಲ ಸೈಟಿನಲ್ಲೇ ಉಳಿಯುತ್ತದೆ.

ಕೋಟೆ ಕೆಳಗಿನವ · ಗುರುವಾರ ರಾತ್ರಿ

ಸರ್ವರ್ ಕಾವಲು ಅವರೇ, ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಸ್ವಯಂಚಾಲಿತ ಅಪ್‌ಡೇಟ್ ಹಾಕಿಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ. 2017ರಲ್ಲಿ ಡಿಸ್ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಕೈ ಬದಲಾಯಿತು. 2 ಲಕ್ಷ ಸೈಟುಗಳಲ್ಲಿತ್ತು. ಕೊಂಡ ಹೊಸಬರು ಅಪ್‌ಡೇಟ್‌ನೊಳಗೇ ಕಳ್ಳಬಾಗಿಲು ಇಟ್ಟು, ಜನರ ಸೈಟುಗಳಲ್ಲಿ ತಮ್ಮ ಜಾಹೀರಾತು ಬರಹ ತುರುಕಿದರು. ವರ್ಡ್‌ಪ್ರೆಸ್‌ನವರು ಕೊನೆಗೆ ಅದನ್ನು ಕಣಜದಿಂದ ತೆಗೆದುಹಾಕಿದರು. ಅಲ್ಲಿ ಕೆಟ್ಟದ್ದು ಅಪ್‌ಡೇಟ್ ಮಾಡಿದವರಿಗೇ. ಓದಿ ನೋಡಿ ಕೈಯಿಂದ ಮಾಡುವುದು ಮೇಲಲ್ಲವೇ?

ಸರ್ವರ್ ಕಾವಲು · ಶುಕ್ರವಾರ

ಮೇಷ್ಟ್ರೇ, ನೀವು ಹೇಳಿದ ಘಟನೆ ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀವು ಪ್ರತಿ ವಾರ ಕೂತು ಬದಲಾವಣೆಗಳ ಪಟ್ಟಿ ಓದುವವರು, ನಿಮ್ಮ ಶಾಲೆಗೆ ಕೈಯಿಂದ ಮಾಡುವುದೇ ಸರಿ. ಆದರೆ ಈ ಸಂಘದ ಸೈಟನ್ನು ಎಷ್ಟೋ ಕಾಲ ಯಾರೂ ತೆರೆದಿರಲಿಲ್ಲ. ದೋಷ ಬಹಿರಂಗವಾದ ಮೇಲೆ ದಾಳಿ ಶುರುವಾಗಲು ಕೆಲವೊಮ್ಮೆ ಕೆಲವೇ ಗಂಟೆ ಸಾಕು. 2014ರ ಅಕ್ಟೋಬರ್‌ನಲ್ಲಿ ಸೈಟ್ ಕಟ್ಟುವ ಇನ್ನೊಂದು ತಂತ್ರಾಂಶ ದ್ರುಪಾಲ್‌ನ ಒಂದು ದೋಷ ಹೊರಬಿದ್ದಾಗ, ಪ್ರಕಟಣೆಯಾದ ಏಳು ಗಂಟೆಯೊಳಗೆ ಸರಿಪಡಿಸದ ಸೈಟುಗಳು ಹೋದವೆಂದೇ ತಿಳಿಯಿರಿ ಅಂತ ಅವರ ಭದ್ರತಾ ತಂಡವೇ ಹೇಳಿತ್ತು. ಯಾರೂ ನೋಡದ ಸೈಟಿಗೆ ಸ್ವಯಂಚಾಲಿತವೇ ಗತಿ. 2024ರ 6.6 ಆವೃತ್ತಿಯಿಂದ ಅಪ್‌ಡೇಟ್ ಆಗಿ ಸೈಟ್ ಕೆಟ್ಟರೆ ಹಳೆಯದಕ್ಕೆ ತಾನೇ ಮರಳುವ ಏರ್ಪಾಡೂ ಇದೆ. ಅದು ಕಳ್ಳಬಾಗಿಲನ್ನು ಹಿಡಿಯುವುದಿಲ್ಲ, ಒಪ್ಪುತ್ತೇನೆ.

ಕೋಟೆ ಕೆಳಗಿನವ · ಶುಕ್ರವಾರ

ನೋಡುವವರು ಇಲ್ಲದಿದ್ದರೆ ನೀವು ಹೇಳಿದ್ದು ಸರಿ. ನೋಡುವವರನ್ನು ಹುಡುಕುವುದೇ ಮೊದಲ ಕೆಲಸ ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ.

ಸರ್ವರ್ ಕಾವಲು · ಶುಕ್ರವಾರ

ಬ್ಯಾಕಪ್ ಬಗ್ಗೆ ಹೇಳಲು ಮರೆತಿದ್ದೆ ಮೇಡಂ. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಒಂದು ಸಾಕು, ಪ್ರತಿಯನ್ನು ಗೂಗಲ್ ಡ್ರೈವ್‌ಗೆ ಕಳಿಸಿ. ಅದೇ ಹೋಸ್ಟಿಂಗ್‌ನಲ್ಲಿ ಇಟ್ಟ ಪ್ರತಿ ಸೈಟಿನ ಜೊತೆಗೇ ಹೋಗುತ್ತದೆ. ಒಂದು ಸಲ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆದು ಸೈಟು ಎದ್ದು ನಿಲ್ಲುತ್ತದಾ ನೋಡಿ, ನೋಡದ ಬ್ಯಾಕಪ್ಪನ್ನು ನಂಬಬೇಡಿ. ಪೇಜ್ ಬಿಲ್ಡರ್ ಬೇಡವೇ ಬೇಡ. ಕೆಲವನ್ನು ತೆಗೆದ ಮೇಲೆ ಲೇಖನದ ತುಂಬ ಚೌಕ ಆವರಣದ ಸಂಕೇತಗಳೇ ಉಳಿಯುತ್ತವೆ, ಅವನ್ನು ಕೂತು ಒಂದೊಂದಾಗಿ ಅಳಿಸಬೇಕು.

ಹೊಳೆದಂಡೆ · ಮೂರು ವಾರದ ನಂತರ, ಭಾನುವಾರ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಸೈಟು ಮತ್ತೆ ಎದ್ದಿದೆ. 34 ಇದ್ದ ಜಾಗದಲ್ಲಿ ಈಗ ಐದು. ಕಾಂಟ್ಯಾಕ್ಟ್ ಫಾರ್ಮ್ 7, ಅದರ ಜೊತೆ ಫ್ಲೆಮಿಂಗೊ, ಅಪ್‌ಡ್ರಾಫ್ಟ್‌ಪ್ಲಸ್, ಎರಡು ಹಂತದ ಲಾಗಿನ್‌ಗೆ ಟು ಫ್ಯಾಕ್ಟರ್, ಸ್ಪ್ಯಾಮ್ ತಡೆಗೆ ಒಂದು. ಎರಡು ಭಾಷೆಗೆ ಪಾಲಿಲ್ಯಾಂಗ್ ಹಾಕಿ ನೋಡಿದೆ, ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಲೇಖನವನ್ನೂ ಇಂಗ್ಲಿಷ್‌ಗೆ ತರುವವರು ಯಾರು? ಸಮಿತಿಯಲ್ಲಿ ಕೇಳಿದೆ, ಯಾರೂ ಕೈ ಎತ್ತಲಿಲ್ಲ. ಶಾಲೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದೇ ಒಂದು ಪುಟ ಬರೆದು ಪ್ಲಗಿನ್ ತೆಗೆದೆ.

ರಸೀದಿಯ ಪಿಡಿಎಫ್‌ಗೆ ಎರಡು ಪ್ಲಗಿನ್ ಪರೀಕ್ಷಿಸಿದೆ, ಎರಡರಲ್ಲೂ "ವಿದ್ಯಾರ್ಥಿ" ಒಡೆಯಿತು. ಅಚ್ಚುಮೊಳೆ ಸರ್ ಹೇಳಿದ ಹಾಗೆ ಮುದ್ರಿಸುವ ಪುಟವನ್ನೇ ಮಾಡಿದ್ದೇವೆ, ಮೊದಲ ರಸೀದಿ ನಮ್ಮ ಗಣಿತದ ಮೇಷ್ಟ್ರಿಗೇ ಕೊಟ್ಟೆ. ಅವರೇ ಈಗ ಸ್ಮರಣ ಸಂಚಿಕೆ ತಿದ್ದಲು ಕೂತಿದ್ದಾರೆ. ನಲವತ್ತು ಪುಟ ಆಗಿದೆ, ಪ್ರತಿ ಪುಟದಲ್ಲೂ ಅರ್ಕಾವತ್ತಿನ ನಾಲ್ಕೈದು ತಪ್ಪು ಹಿಡಿಯುತ್ತಾರೆ. ಅವರಿಗೆ ಸಂಪಾದಕರ ಲಾಗಿನ್ ಕೊಟ್ಟಿದ್ದೇನೆ, ಅಡ್ಮಿನ್ ಕೊಟ್ಟಿಲ್ಲ. ಕೇಳಿದಾಗ ಬೇಜಾರು ಮಾಡಿಕೊಳ್ಳಲಿಲ್ಲ, "ಬೀಗದ ಕೈ ಎಲ್ಲರ ಹತ್ರ ಇರಬಾರದವ್ವಾ" ಅಂದರು.

ಹಳೆಯ ಜೂಜಿನ ಸಾಲುಗಳು ಗೂಗಲ್‌ನಿಂದ ಪೂರ್ತಿ ಹೋಗಿಲ್ಲ. ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟಿನ ಸ್ಥಿತಿ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ನೋಡಿದರೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿವೆ. ಉಳಿದಿರುವುದು ಒಂದೇ. ಕೋಟೆ ಮೇಷ್ಟ್ರು ಹೇಳಿದ್ದು, ನೋಡಿಕೊಳ್ಳುವವರು. ನಾನೊಬ್ಬಳೇ ಇದ್ದೇನೆ, ಮುಂದಿನ ವರ್ಷ ನನ್ನ ಅವಧಿ ಮುಗಿಯುತ್ತದೆ.

ಆರನೇ ಸೆಮಿಸ್ಟರ್ · ಭಾನುವಾರ

ಅಕ್ಕಾ, ತಿಂಗಳ ಮೊದಲನೇ ಭಾನುವಾರ ನಾನು ನೋಡ್ತೀನಿ. ಅಂಗಡಿ ಸೈಟುಗಳನ್ನೂ ಈಗ ಅದೇ ದಿನ ನೋಡ್ತಿದೀನಿ. ನಮ್ಮ ಜೂನಿಯರ್ ಒಬ್ಬಳು ನಿಮ್ಮ ಊರಿನ ಪಕ್ಕದ ಹಳ್ಳಿಯವಳು, ಅವಳನ್ನೂ ಕೂರಿಸ್ಕೊಂಡು ಕಲಿಸ್ತೀನಿ, ನಾನು ಪಾಸಾಗಿ ಹೋದ ಮೇಲೆ ಅವಳು ನೋಡ್ತಾಳೆ.

ಹೊಳೆದಂಡೆ · ಭಾನುವಾರ ರಾತ್ರಿ

ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ ಕಳಿಸಿದ್ದೇನೆ ತಮ್ಮಾ. ಬರುವ ಭಾನುವಾರ ಮನೆಗೇ ಬನ್ನಿ, ಬ್ಯಾಕಪ್ಪನ್ನು ಒಟ್ಟಿಗೆ ತೆರೆದು ನೋಡೋಣ. ಊಟ ಇಲ್ಲೇ.